ಗೆಳೆಯನಿಗೊಂದು ಪತ್ರ: ಊಟಕ್ಕೆ ಕರೆದವರು, ಕರೆಯದವರು

ಲೋ ಮಂಜ,

ಒಂದು ಫೋನ್‌ನಲ್ಲಿ ಮುಗಿಯುವ ಮಾತನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ ಅಂತ ಬೈಯಬೇಡ. ಫೋನ್ ಮಾಡಿದರೆ ನೀನು ಮೀಟಿಂಗ್‌ನಲ್ಲಿ ಇರುತ್ತೀಯ. ಇಲ್ಲಿ ಹಾಕಿದರೆ ಯಾರಾದರೂ ಕಿವಿ ಹಿಂಡಿ ಓದಿಸುತ್ತಾರೆ. ಉಳಿದವರಿಗೆ ಒಂದು ಮಾತು: ಈ ಮಂಜ ಈಗ ದೊಡ್ಡ ಮನುಷ್ಯ. ಹಾಸ್ಟೆಲ್‌ನಲ್ಲಿ ನಾವು ಇವನನ್ನು 'ಅರ್ಧ ಲೀಟರ್' ಅಂತ ಕರೆಯುತ್ತಿದ್ದೆವು. ಯಾಕೆ ಅಂತ ಅವನನ್ನೇ ಕೇಳಿ, ಹೇಳಲ್ಲ.

ವಿಷಯ ಏನಪ್ಪಾ ಅಂದರೆ, ಸಿಂಕ್ಲೇರ್ ಲೂಯಿಸ್‌ನ 'ಬ್ಯಾಬಿಟ್' ಓದಿ ಮುಗಿಸಿದೆ. 1922ರ ಅಮೆರಿಕದ ಕಾದಂಬರಿ. ನೀನು ಓದಿರಲ್ಲ, ಆದರೆ ಓದಿದ್ದೇನೆ ಅನ್ನುತ್ತೀಯ, ಅಲ್ವಾ? ಜೆನಿತ್ ಅನ್ನುವ ಊರಿನಲ್ಲಿ ಕಥೆ ನಡೆಯುತ್ತದೆ. ಅಂಥ ಊರೇ ಇಲ್ಲ. ಆದರೂ ಲೂಯಿಸ್ ಕೂತು ಅದರ ಬೀದಿಗಳ ನಕ್ಷೆಯನ್ನೆಲ್ಲ ಬರೆದಿಟ್ಟುಕೊಂಡಿದ್ದ. ನಮ್ಮ ಜಾರ್ಜ್ ಬ್ಯಾಬಿಟ್‌ಗೆ 46 ವರ್ಷ. ರಿಯಲ್ ಎಸ್ಟೇಟ್ ಕಸುಬು. ಕೊಳ್ಳುವವರ ಕೈಗೆ ಎಟುಕದ ಬೆಲೆಗೆ ಮನೆ ಮಾರುವುದರಲ್ಲಿ ಪಳಗಿದವನು.

ಮೊದಲ ಏಳು ಅಧ್ಯಾಯ ಪೂರ್ತಿ ಒಂದೇ ದಿನ. ಏಳುತ್ತಾನೆ, ಶೇವ್ ಮಾಡುತ್ತಾನೆ. ಹಳೇ ಬ್ಲೇಡನ್ನು ಔಷಧಿ ಕಪಾಟಿನ ಮೇಲೆ ಇಡುತ್ತಾನೆ. ಅಲ್ಲಿ ಆಗಲೇ 50-60 ಬ್ಲೇಡು ಬಿದ್ದಿವೆ. 'ಒಂದಿನ ತೆಗೆಯಬೇಕು' ಅಂದುಕೊಂಡು ಹೊರಡುತ್ತಾನೆ. ಮನೆಯವರ ಟವಲ್ಲೆಲ್ಲ ಒದ್ದೆಯಾಗಿವೆ ಅಂತ ಸಿಟ್ಟಿಗೆದ್ದು, ಅತಿಥಿಗಳಿಗೆ ಅಂತ ತೂಗುಹಾಕಿದ ಕಸೂತಿಯ ಟವಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾನೆ. ಆ ಟವಲ್ ಮುಟ್ಟುವ ಧೈರ್ಯ ಇದುವರೆಗೆ ಒಬ್ಬ ಅತಿಥಿಗೂ ಬಂದಿರಲಿಲ್ಲ! ಇದನ್ನು ವಾಸ್ತವ ಅನ್ನುತ್ತೀಯೋ, ವಿಡಂಬನೆ ಅನ್ನುತ್ತೀಯೋ? ನಡುವೆ ಗೆರೆ ಎಳೆಯೋಕೆ ನನಗಂತೂ ಆಗಲಿಲ್ಲ. ಲೂಯಿಸ್ ಏನನ್ನೂ ದೊಡ್ಡದು ಮಾಡಿ ಹೇಳುವುದಿಲ್ಲ, ಇದ್ದದ್ದನ್ನು ಬಿಡದೆ ಪಟ್ಟಿ ಮಾಡುತ್ತಾನೆ. ನಮಗೆ ನಗು ಬರುತ್ತದೆ.

ಭಾಷಣಗಳು ಮಾತ್ರ ಜಾಸ್ತಿಯಾದವು. ನಮ್ಮ ಊರೇ ಊರು, ನಮ್ಮ ವ್ಯಾಪಾರಸ್ಥನೇ ಮನುಷ್ಯ ಅಂತ ಬ್ಯಾಬಿಟ್ ವೇದಿಕೆ ಮೇಲೆ ಕೂಗುವ ಪುಟಗಳಿವೆ. ಲೂಯಿಸ್‌ಗೆ ಅಲ್ಲಿ ತಮಾಷೆ ತಲೆಗೇರಿದೆ. ಮೂರನೇ ಪುಟಕ್ಕೆ ನನಗೆ ಆಕಳಿಕೆ ಬಂತು. 1930ರಲ್ಲಿ ಅವನಿಗೆ ನೊಬೆಲ್ ಬಂತು, ಅಮೆರಿಕದ ಸಾಹಿತಿಗೆ ಬಂದ ಮೊದಲನೇ ನೊಬೆಲ್. ಹಾಗಂತ ಆಕಳಿಸಬಾರದು ಅಂತೇನಿಲ್ಲ.

ನನ್ನನ್ನು ಕೆಡವಿದ್ದು ಊಟದ ಪ್ರಸಂಗ. 1896ರ ಬ್ಯಾಚಿನ ಕೂಟದಲ್ಲಿ ಬ್ಯಾಬಿಟ್‌ಗೆ ಹಳೇ ಸಹಪಾಠಿ ಚಾರ್ಲಿ ಮೆಕೆಲ್ವಿ ಸಿಗುತ್ತಾನೆ. ಈಗ ಭಾರೀ ಕಂಟ್ರ್ಯಾಕ್ಟರ್. ಬ್ಯಾಬಿಟ್ ಪಟ್ಟು ಹಿಡಿದು ಅವನನ್ನೂ ಅವನ ಹೆಂಡತಿಯನ್ನೂ ಊಟಕ್ಕೆ ಕರೆಯುತ್ತಾನೆ. ಅವರು ದಿನ ಮುಂದೂಡುತ್ತಾರೆ, ಕೊನೆಗೆ ಬರುತ್ತಾರೆ, ಮಾತು ಕುದುರುವುದಿಲ್ಲ, ಬೇಗ ಹೊರಡುತ್ತಾರೆ. 'ಚೆನ್ನಾಗಾಯ್ತು, ಅವರಿಗೆ ಖುಷಿಯಾಯ್ತು' ಅಂತ ಬ್ಯಾಬಿಟ್ ಹೆಂಡತಿಗೆ ಸಮಾಧಾನ ಹೇಳುತ್ತಾನೆ. ರಾತ್ರಿ ಅವಳು ಅಳುವುದು ಕೇಳಿಸುತ್ತದೆ. ಆಮೇಲೆ ಒಂದು ತಿಂಗಳು ಗಂಡ ಹೆಂಡತಿ ಇಬ್ಬರೂ ಪೇಪರಿನಲ್ಲಿ ದೊಡ್ಡವರ ಔತಣಕೂಟದ ಸುದ್ದಿ ಓದುತ್ತಾ, ವಾಪಸ್ ಕರೆ ಬರುತ್ತೆ ಅಂತ ಕಾಯುತ್ತಾರೆ. ಬರಲ್ಲ.

ಮಂಜ, ನೀನು ನಮ್ಮನೆಗೆ ಬಂದಿದ್ದು ನೆನಪಿದೆಯಾ? ಅವತ್ತು ಮದುವೆಯಲ್ಲಿ ಬಂದ ಗಾಜಿನ ತಟ್ಟೆಗಳನ್ನು ಅಟ್ಟದಿಂದ ಇಳಿಸಿದ್ದೆವು. ಒಂದರ ತಳದಲ್ಲಿ ಅಂಗಡಿಯ ಸ್ಟಿಕ್ಕರ್ ಇನ್ನೂ ಇತ್ತು, ಸರಿಯಾಗಿ ಅದೇ ನಿನ್ನ ಮುಂದೆ ಬಂತು. ಇವಳು ಶ್ಯಾವಿಗೆ ಪಾಯಸ ಮಾಡಿದ್ದಳು, ನೀನು ಸಕ್ಕರೆ ಬಿಟ್ಟಿದ್ದೆ. ಹತ್ತು ಗಂಟೆಗೆಲ್ಲ 'ಬೆಳಿಗ್ಗೆ ಫ್ಲೈಟ್ ಇದೆ ಕಣೋ' ಅಂತ ಎದ್ದೆ. 'ಮುಂದಿನ ಸಲ ನೀವೇ ನಮ್ಮನೆಗೆ ಬರಬೇಕು' ಅಂತ ಚಪ್ಪಲಿ ಮೆಟ್ಟಿಕೊಂಡೆ. ಆ ಮಾತನ್ನು ನಾನು ಒಂದು ಮುಷ್ಟಿ ಜಾಸ್ತಿಯೇ ನಂಬಿದೆ. ಆಮೇಲೆ ನಿಮ್ಮನೆ ಪಾರ್ಟಿ ಫೋಟೋ ಬಂದಾಗೆಲ್ಲ, ಸೋಫಾದ ಮೇಲೆ ಯಾರ್ಯಾರು ಕೂತಿದ್ದಾರೆ ಅಂತ ದೊಡ್ಡದು ಮಾಡಿ ಮಾಡಿ ನೋಡಿದ್ದೇನೆ. ಲೈಕೂ ಒತ್ತಿದ್ದೇನೆ.

ಅಲ್ಲಿಗೆ ಬಿಟ್ಟಿದ್ದರೆ ನಾನು ಪಾಪದವನಾಗಿ ಉಳಿಯುತ್ತಿದ್ದೆ. ಲೂಯಿಸ್ ಬಿಡಲ್ಲ. ಅದೇ ಅಧ್ಯಾಯದಲ್ಲಿ ಓವರ್‌ಬ್ರೂಕ್ ಅಂತ ಇನ್ನೊಬ್ಬ ಸಹಪಾಠಿ ಬರುತ್ತಾನೆ. ವಿಮೆ ವ್ಯಾಪಾರ ಮಾಡಿಕೊಂಡು ಸೋತವನು. ಅವನು ಬ್ಯಾಬಿಟ್‌ನನ್ನು ಊಟಕ್ಕೆ ಕರೆಯುತ್ತಾನೆ. ಈಗ ದಿನ ಮುಂದೂಡುವವನು ಬ್ಯಾಬಿಟ್, ಬೇಗ ಹೊರಡುವವನೂ ಬ್ಯಾಬಿಟ್. ಅದೇ ಊಟ, ಅದೇ ನೆಪ. ಪಾಪ, ಅವರನ್ನೂ ಕರೆಯಬೇಕು ಅಂತ ಗಂಡ ಹೆಂಡತಿ ಒಂದು ವಾರ ಒದ್ದಾಡುತ್ತಾರೆ. ಆಮೇಲೆ, ನಮ್ಮ ಮನೆಗೆ ಬಂದರೆ ಅವರಿಗೇ ಮುಜುಗರ, ಕರೆಯದಿದ್ದದ್ದೇ ಒಳ್ಳೆಯದಾಯ್ತು ಅಂತ ಮುಗಿಸುತ್ತಾರೆ. ಎರಡು ಊಟವನ್ನು ಅಕ್ಕಪಕ್ಕ ಇಟ್ಟು ಲೂಯಿಸ್ ಸುಮ್ಮನಾಗುತ್ತಾನೆ. ಒಂದು ಟೀಕೆ ಇಲ್ಲ, ಬೈಗುಳ ಇಲ್ಲ.

ನಮ್ಮ ಬ್ಯಾಚಿನ ಇನ್ನೊಬ್ಬ ಇದ್ದಾನಲ್ಲ, ಹೆಸರು ಬೇಡ, ಅವನೂ ಓದುತ್ತಿರಬಹುದು. ಬಸ್ಸಿನ ಕೊನೇ ಸ್ಟಾಪಿನ ಹತ್ತಿರ ಅವನ ಮನೆ. ಅವರ ಮನೆಯವರು ಒತ್ತಾಯ ಮಾಡಿ ಹೋಳಿಗೆ ಬಡಿಸಿದ್ದರು, ಮೇಲೆ ತುಪ್ಪ. ಹೊರಡುವಾಗ ನಾನು ಏನಂದೆ ಗೊತ್ತಾ? ನಿನ್ನದೇ ಮಾತು, ಅಕ್ಷರ ಬಿಡದೆ. ಬಹುಶಃ ನಿನ್ನಷ್ಟು ಚೆನ್ನಾಗಿ ಚಪ್ಪಲಿ ಮೆಟ್ಟಿಕೊಳ್ಳಲು ಬರಲಿಲ್ಲ, ಅಷ್ಟೇ.

ಇದನ್ನೆಲ್ಲ ಬರೆಯೋ ಪ್ಲಾನ್ ಇರಲಿಲ್ಲ ಮಾರಾಯ. ಪುಸ್ತಕದ ಬಗ್ಗೆ ನಾಲ್ಕು ಮಾತು ಬರೆದು, ಓದಿಕೊಂಡವನು ಅನ್ನಿಸಿಕೊಳ್ಳೋಣ ಅಂತ ಕೂತಿದ್ದೆ.

ನೀನು ಮೆಕೆಲ್ವಿ ಆಗಬೇಡ, ಪಾಲ್ ಆಗು ಅನ್ನೋಣ ಅಂದರೆ ಅದೂ ಕಷ್ಟ. ಬ್ಯಾಬಿಟ್‌ನ ಜೀವದ ಗೆಳೆಯ ಅವನು. ಪಿಟೀಲು ನುಡಿಸುವ ಆಸೆ ಇಟ್ಟುಕೊಂಡು ಚಾವಣಿ ಸಾಮಾನು ಮಾರುವುದಕ್ಕೆ ಬಿದ್ದವನು. ಕೊನೆಗೆ ಹೆಂಡತಿಗೆ ಗುಂಡು ಹೊಡೆದು ಜೈಲಿಗೆ ಹೋಗುತ್ತಾನೆ. ಅತ್ತಿಗೆಗೆ ಈ ಸಾಲು ತೋರಿಸಬೇಡ. ತೋರಿಸಿದರೆ, ಪಾಲ್‌ನ ಹೆಂಡತಿ ಬದುಕಿಕೊಳ್ಳುತ್ತಾಳೆ ಅಂತಲೂ ಹೇಳು.

ಇದು ಊಟಕ್ಕೆ ಕರೆಸಿಕೊಳ್ಳಲು ಬರೆದ ಪತ್ರ ಅಲ್ಲ. ಆದರೂ ಶನಿವಾರ ಇವಳಿಗೆ ರಜೆ, ನನಗೂ ರಜೆ. ಬದನೆಕಾಯಿ ಮಾತ್ರ ಬೇಡ, ಕಾರಣ ನಿನಗೆ ಗೊತ್ತು.

ಇಂತಿ ನಿನ್ನ,
ಪ್ರಿನ್ಸಿಪಾಲರ ಕೊಡೆ