ಡ್ರಾಯಿಂಗ್ ಪಿರಿಯಡ್ ಮಕ್ಕಳಿಗೆ ವಾಪಸ್ ಕೊಡಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ ಕೊನೆಗೆ ಬಂತು, 2025ರಲ್ಲಿ ನಮ್ಮ ಕಲಬುರಗಿ. ಬೇಸರದ ಮಾತೇ. ಅದಕ್ಕೆ ಶಾಲೆಗಳಲ್ಲಿ ಬೆಳಿಗ್ಗೆ ಒಂದು ಸ್ಪೆಷಲ್ ಕ್ಲಾಸು, ಸಂಜೆ ಒಂದು ಕ್ಲಾಸು ಅಂತ ನಡೆದಿದೆ. ನಡೆಯಲಿ, ಗಣಿತ, ಇಂಗ್ಲಿಷ್ ಬರಬೇಕು, ಪಾಸಾಗಬೇಕು. ಆದರೆ ಈ ಗಡಿಬಿಡಿಯಲ್ಲಿ ಮೊದಲು ಹೋಗಿದ್ದು ಡ್ರಾಯಿಂಗ್ ಪಿರಿಯಡ್. ವೇಳಾಪಟ್ಟಿಯಲ್ಲಿ ಹೆಸರು ಇರುತ್ತದೆ, ಒಳಗೆ ನೋಡಿದರೆ ಗಣಿತದ ಸರ್ ಬೋರ್ಡ್ ಮೇಲೆ ಲೆಕ್ಕ ಬಿಡಿಸುತ್ತಿರುತ್ತಾರೆ. ಎಷ್ಟೋ ಕಡೆ ಡ್ರಾಯಿಂಗ್ ಸರ್ ರಿಟೈರ್ ಆದ ಮೇಲೆ ಆ ಜಾಗಕ್ಕೆ ಯಾರೂ ಬಂದೇ ಇಲ್ಲ.

ನಾನೂ ಹಾಗೆ ರಿಟೈರ್ ಆದ ಒಬ್ಬ ಡ್ರಾಯಿಂಗ್ ಮಾಸ್ತರ್. ಆ ಪಿರಿಯಡ್ ಹೋದರೆ ಮಕ್ಕಳ ಕೈಯಿಂದ ಏನು ಹೋಗುತ್ತದೆ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಈ ಪತ್ರ.

ನಮ್ಮ ಭಾಗದಲ್ಲಿ ಗುಳೆ ಹೋಗುವುದು ಹೊಸದೇನಲ್ಲ. ಮಳೆ ಕೈಕೊಟ್ಟರೆ ಅಥವಾ ತೊಗರಿ ಕೈಗೆ ಹತ್ತದಿದ್ದರೆ ಅಪ್ಪ-ಅವ್ವ ಪುಣೆ, ಮುಂಬೈ, ಬೆಂಗಳೂರು ಅಂತ ಹೊರಡುತ್ತಾರೆ, ಮಕ್ಕಳು ಅಜ್ಜಿ ಹತ್ತಿರ ಉಳಿಯುತ್ತವೆ. ಅಂಥ ಒಬ್ಬ ಹುಡುಗಿ ಆರನೇ ಕ್ಲಾಸಿನಲ್ಲಿ ಇದ್ದಳು. ಮಾತೇ ಇಲ್ಲ. ಹಾಜರಿ ಕರೆದರೂ ಕೈ ಎತ್ತುತ್ತಿದ್ದಳು ಅಷ್ಟೇ. 'ನಿಮಗೆ ಬೇಕಾದ್ದು ಬಿಡಿಸಿ' ಅಂತ ಹಾಳೆ ಕೊಟ್ಟರೆ ಪ್ರತಿ ಸಲ ಒಂದೇ ಚಿತ್ರ: ಬಸ್ಸಿನ ಹಿಂಭಾಗ. ಏಣಿ, ಮೇಲೆ ಕಟ್ಟಿದ ಹಾಸಿಗೆ ಸುರುಳಿ, ಒಂದು ಕೊಡ, ಟೈರಿನ ಸುತ್ತ ಪೆನ್ಸಿಲ್‌ನಿಂದ ತಿಕ್ಕಿ ತಿಕ್ಕಿ ಮಾಡಿದ ಧೂಳು. ಒಂದಿನ ಪಕ್ಕದಲ್ಲಿ ಕೂತು, ಈ ಬಸ್ಸಿನ ಬಗ್ಗೆ ಸ್ವಲ್ಪ ಹೇಳಮ್ಮ ಅಂದೆ. 'ಪುಣೆಕ್ಕ ಹೊಂಟದರಿ ಸರ್. ಅವ್ವ ಮುಂದಿನ ಸೀಟಿನ್ಯಾಗ ಕುಂತಾಳ, ಇಲ್ಲಿಂದ ಕಾಣಂಗಿಲ್ಲ' ಅಂದಳು. ಅವಳು ನನ್ನ ಹತ್ತಿರ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಆಮೇಲೆ ಕೊಡದಲ್ಲಿ ಏನಿತ್ತು, ತಮ್ಮ ಎಷ್ಟು ಅತ್ತ, ಅಜ್ಜಿ ಯಾಕೆ ಬೈದಳು, ಎಲ್ಲ ಬಂತು. 'ನಿನಗೆ ಅವ್ವನ ನೆನಪಾಗುತ್ತಾ?' ಅಂತ ನೇರವಾಗಿ ಕೇಳಿದ್ದರೆ ತಲೆ ತಗ್ಗಿಸುತ್ತಿದ್ದಳು. ಬಸ್ಸಿನ ಬಗ್ಗೆ ಮಾತಾಡುವುದು ಸುಲಭ, ಅದು ಹಾಳೆ ಮೇಲೆ ಇದೆ, ಇಬ್ಬರೂ ಅದನ್ನೇ ನೋಡುತ್ತಿದ್ದೇವೆ, ಅವಳ ಮುಖವನ್ನು ಯಾರೂ ನೋಡುತ್ತಿಲ್ಲ. ಚಿತ್ರ ಮನಸ್ಸಿಗೆ ಆಸರೆಯಾಗುವುದು ಹೀಗೆ ಅಂತ ನನಗೆ ಅನ್ನಿಸುತ್ತದೆ.

ಇದು ನಾನು ಕಂಡುಹಿಡಿದ ವಿಷಯ ಅಲ್ಲ. ಏಡ್ರಿಯನ್ ಹಿಲ್ ಅಂತ ಒಬ್ಬ ಇಂಗ್ಲಿಷ್ ಕಲಾವಿದರು 1938ರಲ್ಲಿ ಕ್ಷಯ ಬಂದು ಸ್ಯಾನಟೋರಿಯಂ ಸೇರಿದ್ದರು. ಮಲಗಿದಲ್ಲೇ ಚಿತ್ರ ಬಿಡಿಸುತ್ತಾ ತಮಗೆ ಹಗುರ ಆಗಿದ್ದನ್ನು ಗಮನಿಸಿದರು, ಪಕ್ಕದ ರೋಗಿಗಳಿಗೂ ಕಲಿಸಿದರು. ಯುದ್ಧದಿಂದ ಗಾಯಗೊಂಡು ಬಂದ ಸೈನಿಕರೂ ಅವರಲ್ಲಿ ಇದ್ದರು. ಚಿತ್ರದ ಮೂಲಕ ಮನಸ್ಸಿಗೆ ಆರೈಕೆ ಮಾಡುವ ಇದಕ್ಕೆ 'ಆರ್ಟ್ ಥೆರಪಿ' ಅನ್ನುವ ಹೆಸರು ಅವರು 1942ರಲ್ಲಿ ಕೊಟ್ಟಿದ್ದು.

ಇನ್ನೊಬ್ಬರನ್ನು ಎಲ್ಲ ಡ್ರಾಯಿಂಗ್ ಮಾಸ್ತರರೂ ತಿಳಿದಿರಬೇಕು. ಫ್ರೀಡಲ್ ಡಿಕರ್-ಬ್ರಾಂಡೈಸ್. ನಾಜಿಗಳು ಈ ಯಹೂದಿ ಕಲಾವಿದೆಯನ್ನು ಟೆರೆಜಿನ್ ಶಿಬಿರಕ್ಕೆ ಹಾಕಿದಾಗ ಅಲ್ಲಿನ ಮಕ್ಕಳಿಗೆ ಕದ್ದುಮುಚ್ಚಿ ಚಿತ್ರ ಕಲಿಸಿದರು. ಕಾಗದ ಇಲ್ಲದಿದ್ದರೆ ಹಳೆ ಫಾರಂಗಳ ಹಿಂಬದಿಯೇ ಹಾಳೆ. 1944ರ ಅಕ್ಟೋಬರ್‌ನಲ್ಲಿ ಅವರನ್ನು ಆಶ್ವಿಟ್ಜ್ ಅನ್ನುವ ನಾಜಿಗಳ ಸಾವಿನ ಶಿಬಿರದಲ್ಲಿ ಕೊಂದರು. ಮಕ್ಕಳಲ್ಲಿ ಹೆಚ್ಚಿನವರೂ ಉಳಿಯಲಿಲ್ಲ. ಎರಡು ಸೂಟ್‌ಕೇಸಿನಲ್ಲಿ ಬಚ್ಚಿಟ್ಟಿದ್ದ ಸುಮಾರು 4,500 ಚಿತ್ರಗಳು ಉಳಿದವು, ಈಗ ಪ್ರಾಗ್‌ನ ಮ್ಯೂಸಿಯಂನಲ್ಲಿವೆ. ಆಕೆಯ ಹಳೆಯ ಶಿಷ್ಯೆ ಈಡಿತ್ ಕ್ರಾಮರ್ 1938ರಲ್ಲೇ ನ್ಯೂಯಾರ್ಕ್‌ಗೆ ಹೋಗಿದ್ದರು, ಮುಂದೆ ಅಲ್ಲಿ ಮನಸ್ಸು ನೊಂದ ಮಕ್ಕಳ ಜೊತೆ ವರ್ಷಗಟ್ಟಲೆ ಇದೇ ಕೆಲಸ ಮಾಡಿದರು. ಅಂಥ ನರಕದಲ್ಲೂ ಒಬ್ಬ ಟೀಚರ್ ಮಕ್ಕಳಿಗೆ ಚಿತ್ರ ಬೇಕು ಅಂತ ಹಟ ಹಿಡಿದರು. ನಾವು ರಿಸಲ್ಟ್ ಹೆಸರಲ್ಲಿ ವಾರದ ಒಂದು ಪಿರಿಯಡ್ ಬಿಟ್ಟುಕೊಡುತ್ತಿದ್ದೇವಲ್ಲ, ನನಗೆ ಸಂಕಟ ಆಗುತ್ತದೆ.

'ನನಗೆ ಚಿತ್ರ ಬರಲ್ಲ ಸರ್' ಅನ್ನುವವರೇ ಜಾಸ್ತಿ. ಬರಬೇಕಾಗಿಯೇ ಇಲ್ಲ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ 39 ಜನ ದೊಡ್ಡವರನ್ನು 45 ನಿಮಿಷ ಬಣ್ಣ, ಮಣ್ಣು, ಕಾಗದದ ಜೊತೆ ಕೂರಿಸಿ, ಮೊದಲು ಮತ್ತು ಆಮೇಲೆ ಎಂಜಲು ಪರೀಕ್ಷೆ ಮಾಡಿದರು. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಮುಕ್ಕಾಲು ಪಾಲು ಜನರಲ್ಲಿ ಇಳಿದಿತ್ತು. ಅಭ್ಯಾಸ ಇದ್ದವರು, ಇಲ್ಲದವರು ಅನ್ನುವ ಫರಕು ಕಾಣಲಿಲ್ಲ. ಸಣ್ಣ ಅಧ್ಯಯನ, ಅದೊಂದನ್ನೇ ಹಿಡಿದು ಹಾರಾಡಬಾರದು, ಆದರೆ ಕ್ಲಾಸಿನಲ್ಲಿ ನಾನು ನೋಡಿದ್ದಕ್ಕೆ ಅದು ಹೊಂದುತ್ತದೆ. ಕೈ ಕೆಲಸದಲ್ಲಿ ಇದ್ದಾಗ ಮಕ್ಕಳ ಉಸಿರು ನಿಧಾನವಾಗುತ್ತದೆ, ಗಲಾಟೆ ತಾನಾಗಿ ಇಳಿಯುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಕಪ್ಪು ಬಣ್ಣ ಬಳಸಿದರೆ ಖಿನ್ನತೆ, ಕೆಂಪು ಬಳಸಿದರೆ ಸಿಟ್ಟು, ಕೈ ಬಿಡಿಸದಿದ್ದರೆ ಇನ್ನೇನೋ, ಇಂಥ ಪಟ್ಟಿಗಳು ವಾಟ್ಸಾಪಲ್ಲಿ ತಿರುಗುತ್ತಿವೆ. ದಯವಿಟ್ಟು ನಂಬಬೇಡಿ. ಸರ್ಕಾರಿ ಶಾಲೆಯ ಬಣ್ಣದ ಡಬ್ಬಿಯಲ್ಲಿ ಎಷ್ಟೋ ಸಲ ಕಪ್ಪು, ಕಂದು ತುಂಡುಗಳೇ ಉಳಿದಿರುತ್ತವೆ, ಮಗು ಇದ್ದದ್ದನ್ನು ತೆಗೆದುಕೊಳ್ಳುತ್ತದೆ. ಚಿತ್ರ ನೋಡಿ ರೋಗದ ಹೆಸರು ಹೇಳುವುದು ನಮ್ಮ ಕೆಲಸ ಅಲ್ಲ. ಪಕ್ಕದಲ್ಲಿ ಕೂತು 'ಇದರ ಬಗ್ಗೆ ಹೇಳು' ಅಂದು ಸುಮ್ನೆ ಕೇಳಬೇಕು. ಮಾರ್ಕ್ಸ್ ಹಾಕಬಾರದು, ತಿದ್ದಬಾರದು, ಬೇರೆಯವರಿಗೆ ತೋರಿಸಬಾರದು. ಮಗು ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಮಾತಾಡಿದರೆ, ಊಟ-ನಿದ್ದೆ ಬಿಟ್ಟರೆ, ತಡ ಮಾಡದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ಬೇಕಾದವರಿಗೆ ಮಾತ್ರೆಯೇ ಬೇಕು, ಬಣ್ಣದ ಪೆನ್ಸಿಲ್ ಅದರ ಜಾಗಕ್ಕೆ ಬರುವುದಿಲ್ಲ.

ಆಸ್ಪತ್ರೆ ಅಂದಾಗ ಇನ್ನೊಂದು ನೆನಪಾಯಿತು. ನಮ್ಮ ಸಂಬಂಧಿಕರೊಬ್ಬರನ್ನು ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿದ್ದೆ. ಡಾಕ್ಟರ್ ಒಳ್ಳೆಯವರು, ಆದರೆ ಜನವೋ ಜನ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎಲ್ಲರೂ ಬೆಂಚಿನ ಮೇಲೆ ನೆಲ ನೋಡುತ್ತಾ ಕೂತಿದ್ದರು. ಆ ಹೊತ್ತಿನಲ್ಲಿ ಒಂದು ಮೇಜು, ಒಂದಿಷ್ಟು ಹಾಳೆ, ಕ್ರೇಯಾನ್ ಇದ್ದಿದ್ದರೆ ಏನು ಖರ್ಚಾಗುತ್ತಿತ್ತು? ತಾಲ್ಲೂಕು ಆಸ್ಪತ್ರೆಗಳಲ್ಲಿ ಮನಸ್ಸಿನ ಕಾಯಿಲೆಗೆ ನಡೆಯುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೂ ಇದೇ ಮಾತು. ಪೆನ್ಸಿಲ್ ಹಿಡಿಯಲು ನಾಚುವ ರೈತನಿಗೆ ಹಿಡಿ ಎರೆಮಣ್ಣು ಕೊಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈ ಅದು, ಹೇಳಿಕೊಡಬೇಕಾಗಿಲ್ಲ.

ಭೀಮಾ ನದಿಗೆ ನೆರೆ ಬಂದಾಗಲೂ ಅಷ್ಟೇ. 2020ರ ಅಕ್ಟೋಬರ್‌ನಲ್ಲಿ ಮನೆ ಬಿಟ್ಟು ಬಂದ ಜನಕ್ಕೆ ಕಾಳಜಿ ಕೇಂದ್ರದಲ್ಲಿ ಊಟ, ಚಾದರ ಸಿಕ್ಕಿತು. ಆ ಸಾಮಾನಿನ ಪಟ್ಟಿಯಲ್ಲಿ ಮಕ್ಕಳಿಗೆ ಹಾಳೆ, ಬಣ್ಣದ ಡಬ್ಬಿಯನ್ನೂ ಸೇರಿಸಬೇಕು ಅನ್ನುವುದು ನನ್ನ ಬೇಡಿಕೆ. ನೀರು ನುಗ್ಗಿದ ರಾತ್ರಿಯನ್ನು ಏಳು ವರ್ಷದ ಮಗು ಬಾಯಲ್ಲಿ ಹೇಗೆ ಹೇಳಬೇಕು ಹೇಳಿ?

ಎಸ್.ಎಂ. ಪಂಡಿತರಂಥ ಕಲಾವಿದರು ಹುಟ್ಟಿದ ಊರು ಇದು, ಅವರ ಹೆಸರಿನ ರಂಗಮಂದಿರ ಇದೆ. ಚಿತ್ರಕಲಾ ಕಾಲೇಜು ಇದೆ, ಪಕ್ಕದ ಸುರಪುರಕ್ಕೆ ತನ್ನದೇ ಚಿತ್ರಶೈಲಿ ಇದೆ. ಕಲಿತ ಹುಡುಗರು ಕೆಲಸ ಇಲ್ಲದೆ ಬೋರ್ಡ್ ಬರೆಯುತ್ತಾ ಫ್ಲೆಕ್ಸ್ ಅಂಗಡಿಯಲ್ಲಿ ಕೂತಿದ್ದಾರೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಶಿಕ್ಷಣಕ್ಕೆ ಇಡುವ ಹಣದಲ್ಲಿ ಸ್ವಲ್ಪ ತೆಗೆದು ಇವರಿಗೆ ಮನೋವೈದ್ಯರಿಂದ ತರಬೇತಿ ಕೊಡಿಸಿ ಶಾಲೆಗೆ ಕಳಿಸಲಿ. ಖಾಲಿ ಇರುವ ಚಿತ್ರಕಲಾ ಶಿಕ್ಷಕರ ಹುದ್ದೆ ತುಂಬಲಿ. ಅಲ್ಲಿಯವರೆಗೆ ಮುಖ್ಯಗುರುಗಳು ಡ್ರಾಯಿಂಗ್ ಪಿರಿಯಡ್ ಒಂದನ್ನು ಯಾರಿಗೂ ಬಿಟ್ಟುಕೊಡದಿದ್ದರೆ ಸಾಕು.

ಬ್ರಹ್ಮಪುರದ ಸುತ್ತಮುತ್ತ ಯಾವ ಸರ್ಕಾರಿ ಶಾಲೆಯವರು ಕರೆದರೂ ಶನಿವಾರ ಬೆಳಿಗ್ಗೆ ನಾನು ಬಂದು ಮಕ್ಕಳ ಜೊತೆ ಕೂರುತ್ತೇನೆ. ಸಂಬಳ ಬೇಡ. ಹಾಳೆ, ಬಣ್ಣ ಶಾಲೆಯವರು ಇಡಲಿ, ಮತ್ತು ಆ ಒಂದು ಗಂಟೆ ಯಾರೂ ಬಂದು ಹೋಂವರ್ಕ್ ಕೇಳದಿರಲಿ.

— ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕ, ಬ್ರಹ್ಮಪುರ, ಕಲಬುರಗಿ