ಲಿಯೋನ್ ಸ್ಟೇಷನ್ನಿನ ಆ ಅಜ್ಜಿಗೆ

ಫ್ರಾನ್ಸಿನ ಲಿಯೋನ್ ನಗರದ ಪಾರ್-ದಿಯೂ ಸ್ಟೇಷನ್ನಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಅಜ್ಜಿ, ನಿಮ್ಮ ಹೆಸರು ಕೇಳೋದು ಕೂಡ ಅವತ್ತು ನನಗೆ ತೋಚಲಿಲ್ಲ. ಮುಷ್ಕರದ ದಿನ. ವಿಲ್‌ಫ್ರಾಂಶ್‌ಗೆ ಹೋಗುವ ರೈಲು ರದ್ದಾಗಿತ್ತು, ಫೋನ್ ಸತ್ತುಹೋಗಿತ್ತು, ಓದು ಮುಗಿಯುವವರೆಗೆ ನಾನು ಇರಬೇಕಿದ್ದ ಮನೆಯವರ ನಂಬರನ್ನು ಅಮ್ಮನ ಕಾಟಕ್ಕೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ, ಅದೊಂದೇ ಗತಿ. ನೀವೇ ಫೋನ್ ಮಾಡಿದಿರಿ. ಕಾಲ್ ಹೋಗಿದ್ದು ಪ್ಯಾರಿಸ್ಸಿನ ಯಾರದೋ ಮನೆಗೆ! ನಾನು ಬರೆದ 7 ನಿಮಗೆ 1ರ ಹಾಗೆ ಕಂಡಿತ್ತು. ಅಲ್ಲಿ 07 ಅಂದರೆ ಮೊಬೈಲ್, 01 ಅಂದರೆ ಪ್ಯಾರಿಸ್ ಕಡೆಯ ಲ್ಯಾಂಡ್‌ಲೈನ್ ಅಂತ ನನಗೆ ಹೇಗೆ ಗೊತ್ತಿರಬೇಕು? ನೀವು ನಕ್ಕು, ಪೆನ್ ತೆಗೆದು, ಪ್ರತಿ 7ರ ನಡುವೆಯೂ ಒಂದು ಅಡ್ಡಗೆರೆ ಎಳೆದಿರಿ.

ಮನೆಯವರು ಕಾರು ತಗೊಂಡು ಬರೋ ತನಕ ನೀವು ಎದ್ದು ಹೋಗಲಿಲ್ಲ. ನಿಮ್ಮ ಬಾಗೆತ್‌ನಲ್ಲಿ (ಉದ್ದನೆಯ ಬ್ರೆಡ್) ಅರ್ಧ ಮುರಿದು ಕೊಟ್ಟಿರಿ, ಒಳಗಿದ್ದ ಹ್ಯಾಮ್ (ಹಂದಿಮಾಂಸ) ತಿನ್ನಲ್ಲ ಅಂದಿದ್ದಕ್ಕೆ ಬೇಜಾರೂ ಮಾಡಿಕೊಳ್ಳದೆ. ಆ ಮನೆಯಾಕೆ ತನ್ನನ್ನು ‘ತು’, ಅಂದರೆ ಫ್ರೆಂಚಿನಲ್ಲಿ ‘ನೀನು’, ಅಂತಲೇ ಕರಿ ಅಂದರೂ ದೊಡ್ಡವರಿಗೆ ನೀನು ಅನ್ನೋಕೆ ನನ್ನ ಬಾಯಿ ತಿರುಗಲೇ ಇಲ್ಲ ಬಿಡಿ, ಅದು ಬೇರೆ ಕಥೆ. ನೀವು ಗೆರೆ ಎಳೆದ ಆ ಚೀಟಿ ಇನ್ನೂ ಅವರ ಫ್ರಿಜ್ ಮೇಲಿದೆ. ತುಂಬಾ ಥ್ಯಾಂಕ್ಸ್ ಅಜ್ಜಿ.