ಹಿರಿಯರ ಹಿಮೋಗ್ಲೋಬಿನ್ ಕಡಿಮೆ ಬಂದಿದ್ದರೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ವಯಸ್ಸಾದವರಿರುವ ಸದಸ್ಯರು ದಯವಿಟ್ಟು ಓದಿ. ಹಿಮೋಗ್ಲೋಬಿನ್ ಗಂಡಸರಲ್ಲಿ 13, ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆ ಬಂದರೆ ‘ವಯಸ್ಸಾಯ್ತಲ್ಲ’ ಎಂದು ಬಿಟ್ಟುಬಿಡಬೇಡಿ. ಹೊಟ್ಟೆಯಲ್ಲೋ ಕರುಳಲ್ಲೋ ಗೊತ್ತೇ ಆಗದಂತೆ ರಕ್ತ ಸೋರುತ್ತಿರಬಹುದು. ಹುಣ್ಣು, ಗಡ್ಡೆ, ದಿನವೂ ನುಂಗುವ ನೋವಿನ ಮಾತ್ರೆ, ಆಸ್ಪಿರಿನ್ ಇದಕ್ಕೆ ಕಾರಣವಾಗುತ್ತವೆ. ನನಗೆ ಹೆಚ್ಚು ಆತಂಕ ಈ ರಕ್ತ ಸೋರಿಕೆಯದ್ದೇ. ಕಬ್ಬಿಣ, ವಿಟಮಿನ್ ಬಿ12 ಕೊರತೆ, ಕಿಡ್ನಿ ತೊಂದರೆಯೂ ಇರಬಹುದು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವವರು ಬಿ12 ಪರೀಕ್ಷೆ ಮಾಡಿಸಿ.

ಕಾರಣ ತಿಳಿಯದೆ ಕಬ್ಬಿಣದ ಮಾತ್ರೆ ಶುರು ಮಾಡಬೇಡಿ. ವೈದ್ಯರ ಬಳಿ ಹಳೆಯ ರಿಪೋರ್ಟ್, ಮಾತ್ರೆಗಳ ಪಟ್ಟಿ ಒಯ್ಯಿರಿ. ಮಲ ಕಪ್ಪಾದರೆ, ಎದೆನೋವು, ಏದುಸಿರು ಬಂದರೆ ತಕ್ಷಣ ಹೋಗಿ.

ಆಸ್ಪತ್ರೆಗೆ ಜೊತೆಗೆ ಯಾರಾದರೂ ಬೇಕಿದ್ದರೆ ಭಾನುವಾರದೊಳಗೆ ಇಲ್ಲೇ ತಿಳಿಸಿ. ರಿಪೋರ್ಟ್ ಫೋಟೋಗಳನ್ನು ಮಾತ್ರ ಗುಂಪಿಗೆ ಹಾಕಬೇಡಿ.